ತೆಪ್ಪದ ಮೂತಿಗೆ ಕಟ್ಟಿದ ಗಂಟು

ನಿನ್ನೆ ಭಾನುವಾರ ಮಾಡಿದ ಕೆಲಸಗಳು: ನಳದ ನೀರು ಬಂದಿತ್ತು, ತುಂಬಿದೆ. ಹಾಲು ತಂದೆ. ಮಿಕ್ಸರಿನ ಜಾರು ತಿರುಗುತ್ತಿರಲಿಲ್ಲ, ರಿಪೇರಿಗೆ ಕೊಟ್ಟು ಬಂದೆ. ಹೆಂಡತಿಯ ಬಿಪಿ ಗುಳಿಗೆ ಮುಗಿದಿದ್ದವು, ಹದಿನೈದು ದಿನಕ್ಕಾಗುವಷ್ಟು ತಂದಿಟ್ಟೆ. ಹಿತ್ತಲಿನ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತು ಐರಣಿಗೆ ಹೋದೆ. ಅಲ್ಲಿ ಹೊಳೆಯ ದಂಡೆಯ ಮೇಲೆ ಒಂದು ವರ್ಷದಿಂದ ಬಿದ್ದಿದ್ದ ತೆಪ್ಪವನ್ನು ಬಿಚ್ಚಿದೆ. ಮಧ್ಯಾಹ್ನ ಮೂರರವರೆಗೆ ಅದೇ ಕೆಲಸ. ಅಂಗೈಯಲ್ಲಿ ಎರಡು ಗುಳ್ಳೆ ಎದ್ದಿವೆ.

ತೆಪ್ಪದ ಯಜಮಾನರು ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ಹೊಳೆ ಏರುವುದರೊಳಗೆ ಅದನ್ನು ಬಿಚ್ಚದಿದ್ದರೆ ತಾನಾಗಿಯೇ ತೇಲಿ ಹೋಗಿ ಯಾರದೋ ಪಂಪಿನ ಪೈಪಿಗೆ ಸಿಕ್ಕಿಕೊಳ್ಳುತ್ತದೆ ಎಂದು ಊರವರು ಹೇಳಿದ್ದರಂತೆ. ಹಾವೇರಿಯಿಂದ ಅವರ ಮಗಳು ಫೋನು ಮಾಡಿ, ಅಣ್ಣಾರ, ನೀವೂ ಬರ್ರಿ, ಅದರ ಕಟ್ಟು ನಿಮಗಷ್ಟ ಗೊತ್ತು ಎಂದಳು. ನನಗೆ ಗೊತ್ತಿರುವುದು ಎಷ್ಟು ಎಂಬುದು ನನಗೇ ಗೊತ್ತು. ಆದರೂ ಹೋದೆ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರು ನನ್ನನ್ನು ಕರೆಯುತ್ತಿದ್ದುದು ನನ್ನ ಹುಟ್ಟೂರಿನ ಹೆಸರಿನಿಂದ. ‘ಏ ಬ್ಯಾಡಗಿ’ ಎಂದರೆ ನಾನು. ಸಿಟ್ಟು ಬಂದಾಗ ‘ಬ್ಯಾಡಗಿ ಸಾಹೇಬ್ರ’.

ನಾನು ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಚೀಲಗಳ ಹಸಿ ನೋಡುವುದು, ಇಲಿ ಬಂತೇ ನೋಡುವುದು, ದಿನಾ ಎರಡು ಸಲ ಸೆಕೆ ಎಷ್ಟಿದೆ ಎಂದು ಬರೆದಿಡುವುದು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕರು ಗೇಟಿನಲ್ಲಿ ನಿಂತು, ನೀಲಿ ಡ್ರಮ್ಮು ಖಾಲಿ ಅದಾವೇನ್ರಿ ಎಂದು ಕೇಳಿದರು. ಹಿಂದೆ ಗೋಡೆಗೆ ಹದಿನೈದು ಇಪ್ಪತ್ತು ಬಿದ್ದಿದ್ದವು. ಕೊಡಬಹುದು ಎಂದು ಸಾಹೇಬರು ಹೇಳಿದ ಮೇಲೆ ಅವರು ಒಂದೊಂದರ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ಮೂಸಿ ನೋಡಿದರು. ಔಷಧದ ವಾಸನೆ ಇದ್ದವನ್ನೆಲ್ಲ ಬದಿಗೆ ತಳ್ಳಿದರು. ಗಟ್ಟಿಯಾಗಿದ್ದವು ಅವೇ. ಯಾಕೆ ಬೇಡ ಎಂದೆ. ‘ನಾ ಇದರ ಮ್ಯಾಲೆ ಕುಂದ್ರಾಂವ. ಮೀನು ಇದರ ಬಾಜೂಕ ಬರೂದು. ಅದಕ್ಕೂ ಮೂಗು ಐತಿ’ ಎಂದರು. ಕಡೆಗೆ ಬೆಲ್ಲದ ಪಾಕದ ವಾಸನೆಯ ಆರು ಡ್ರಮ್ಮುಗಳನ್ನು ಆರಿಸಿಕೊಂಡರು. ಹೋಗುವಾಗ, ರವಿವಾರ ಬರ್ರಿ, ಕುಂದ್ರಸ್ತೀನಿ ಎಂದರು. ಮಾತಿಗೆ ಹೇಳಿದರೆಂದು ನಾನು ತಿಳಿದಿದ್ದೆ. ಆ ಭಾನುವಾರ ಬೆಳಿಗ್ಗೆ ಯಾರದೋ ಮೊಬೈಲಿನಿಂದ ಗೋದಾಮಿಗೆ ಫೋನು ಬಂತು: ಬ್ಯಾಡಗಿಯವರು ಎಲ್ಲಿದ್ದಾರೆ, ತೆಪ್ಪ ಕಾಯುತ್ತಿದೆ.

ಹರಗೋಲಿನಲ್ಲಿ ಹುಟ್ಟಿ ಬೆಳೆದವರು ಅವರು. ಮೊಣಕಾಲು ಹೋದ ಮೇಲೆ ಹರಗೋಲಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೇ ಈ ಹೊಸ ತೆಪ್ಪ. ಮೂರು ಮೂರು ಡ್ರಮ್ಮಿನ ಎರಡು ಸಾಲು, ಮೇಲೆ ಬಿದಿರಿನ ಚೌಕಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಬಸ್ಸಿನಿಂದ ಕಿತ್ತ ಹಳೆಯ ಸೀಟು. ಆ ಸೀಟನ್ನು ಹಾವೇರಿಯಲ್ಲಿ ಬಸ್ ಕಂಡಕ್ಟರ್ ಆಗಿರುವ ಮಗಳು ಗುಜರಿಯಲ್ಲಿ ಹುಡುಕಿ ತಂದುಕೊಟ್ಟಿದ್ದಳು. ಊರವರು ನಗುತ್ತಿದ್ದರು. ಟಿಕೀಟು ಎಷ್ಟು ಕಾಕಾ ಎನ್ನುತ್ತಿದ್ದರು. ‘ಹೋಗೂದು ಪುಕ್ಕಟ, ಬರೂದಕ್ಕ ಟಿಕೀಟು’ ಎಂದು ಇವರು.

ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ನಾನು ತಿಂದವನೂ ಅಲ್ಲ. ಮೊದಲ ದಿನವೇ ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಳ್ಳೇದಾತು, ನಿನ್ನ ನೋಡಿ ಅವು ಹೆದರಂಗಿಲ್ಲ ಎಂದರು. ನಿಜವಾಗಿಯೂ ನಾನು ಕುಳಿತ ದಿನ ಮೀನು ಹೆಚ್ಚು ಸಿಗುತ್ತವೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅದು ಸುಳ್ಳು. ನಾನು ಲೆಕ್ಕ ಇಡುವವನು, ನನಗೆ ಗೊತ್ತು. ಈಜು ಬಾರದ ನನ್ನ ಬೆನ್ನಿಗೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟುತ್ತಿದ್ದರು. ದಂಡೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮೂರು ವರ್ಷ ನಾನು ಹಾಗೇ ಹೋದೆ.

ಅವರ ಲಂಗರು ಒಡೆದ ಬೀಸುಕಲ್ಲಿನ ಮೇಲಿನ ಹೋಳು. ನಡುವಿನ ತೂತಿನಲ್ಲಿ ಹಗ್ಗ. ಆಳ ಒಂದು ಮಾರಿದ್ದರೆ ಹಗ್ಗ ಐದಾರು ಮಾರು ಬಿಡುತ್ತಿದ್ದರು. ಅಷ್ಟು ಯಾಕೆ ಎಂದರೆ, ಗಿಡ್ಡ ಹಗ್ಗ ಕಲ್ಲನ್ನು ಎತ್ತುತ್ತದೆ, ಉದ್ದ ಹಗ್ಗ ಕಲ್ಲನ್ನು ಎಳೆಯುತ್ತದೆ, ಎಳೆದರೆ ಕಲ್ಲು ಉಸುಕಿನಲ್ಲಿ ಕಚ್ಚಿಕೊಳ್ಳುತ್ತದೆ ಎಂದರು. ಹಗ್ಗವನ್ನು ಕಟ್ಟುವುದು ತೆಪ್ಪದ ಮೂತಿಗೆ ಮಾತ್ರ, ನೀರು ಬರುವ ಕಡೆಗೆ ಮುಖ ಮಾಡಿ. ಪಕ್ಕಕ್ಕೆ ಎಂದೂ ಇಲ್ಲ. ಪಕ್ಕಕ್ಕೆ ಕಟ್ಟಿದ ತೆಪ್ಪ ಹೊಳೆಗೆ ಬೆನ್ನು ಕೊಟ್ಟಂತೆ, ಒಂದು ಸೆಳೆತಕ್ಕೆ ಮಗುಚುತ್ತದೆ. ಗಂಟು ಎಳೆದರೆ ಬಿಚ್ಚುವ ಗಂಟು: ಬಾಲ ಹಿಡಿದು ಒಮ್ಮೆ ಜಗ್ಗಿದರೆ ಎಲ್ಲವೂ ಸಡಿಲ. ಹಗ್ಗದ ತುದಿಗೆ ಒಂದು ಖಾಲಿ ಕ್ಯಾನು. ಬಿಟ್ಟುಕೊಟ್ಟ ಲಂಗರು ಎಲ್ಲಿದೆ ಎಂದು ಆ ಕ್ಯಾನು ತೇಲಿ ತೋರಿಸುತ್ತದೆ. ಮೂತಿಯ ಬಿದಿರಿಗೆ ಒಂದು ಕುಡುಗೋಲು ಸಿಕ್ಕಿಸಿರುತ್ತಿತ್ತು. ಅದನ್ನು ಅವರು ಬಳಸಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದೆ.

ದೊಡ್ಡ ಮೀನು ಬಿದ್ದರೆ ಅವರು ಜಗ್ಗಾಡುತ್ತಿರಲಿಲ್ಲ. ಮೊದಲು ಲಂಗರು ಬಿಡುತ್ತಿದ್ದರು. ತೆಪ್ಪ ಮೀನಿನ ಹಿಂದೆ ಹಗುರವಾಗಿ ಹರಿಯುತ್ತಿತ್ತು. ನೂಲು ಬಿಗಿ ಆಗದ ಹಾಗೆ, ಸಡಿಲೂ ಆಗದ ಹಾಗೆ ಬೆರಳ ಮೇಲೆ ಆಡಿಸುತ್ತ, ಮೀನಿಗೆ ದಣಿವಾಗಲು ಬಿಡುತ್ತಿದ್ದರು. ‘ನಿಂತ ತೆಪ್ಪದಾಗಿಂದ ಓಡೂ ಮೀನು ಜಗ್ಗಿದ್ರ ನೂಲು ಹರೀತೈತಿ. ಇಲ್ಲಂದ್ರ ಮೂತಿ ಮುಳಗತೈತಿ. ಅದರ ಸಂಗಾಟ ಹೋಗಬೇಕ, ದಣೀಲಿ ಅದು.’ ಮೀನು ಪಕ್ಕಕ್ಕೆ ಬಂದಾಗ ಕೈಬಲೆಯನ್ನು ಮೀನಿನ ಹಿಂದೆ ಓಡಿಸುತ್ತಿರಲಿಲ್ಲ. ನೀರೊಳಗೆ ಮುಳುಗಿಸಿ ಸುಮ್ಮನೆ ಹಿಡಿಯುತ್ತಿದ್ದರು, ಮೀನನ್ನು ತಲೆಯ ಕಡೆಯಿಂದ ಅದರೊಳಗೆ ತರುತ್ತಿದ್ದರು. ಆಗ ನಾನು ಎದುರು ಬದಿಗೆ ಸರಿದು ಕೂರಬೇಕು. ನೋಡುವ ಆಸೆಯಿಂದ ಒಮ್ಮೆ ಅವರ ಬದಿಗೇ ಬಾಗಿದೆ. ತೆಪ್ಪ ಓರೆಯಾಯಿತು. ಮೀನು ಬಲೆಗೆ ಹಾಕಿ ಮುಗಿಯುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ, ‘ಬ್ಯಾಡಗಿ ಸಾಹೇಬ್ರ, ಇಬ್ಬರೂ ಒಂದ ಕಡೆ ಬಗ್ಗಿದ್ರ ಮೀನಿಗೆ ನಾವ ಊಟ’ ಎಂದರು.

ನೀರಿನ ಮೇಲೆ ಇಷ್ಟು ಖಡಕ್ಕಾದ ಮನುಷ್ಯ ಜನರ ಎದುರಿಗೆ ಎಷ್ಟು ಮೆತ್ತಗೆ ಎಂಬುದಕ್ಕೆ ಒಂದು ಸಂಗತಿ. ಪಕ್ಕದ ಮನೆಯವನು ಅವರ ಕೈಬಲೆಯನ್ನು ಒಯ್ದು ಹರಿದು, ತಾನೇ ಹೊಲಿದು ತಂದುಕೊಟ್ಟ. ಕೆಂಪು ದಾರ, ಅರ್ಧ ಅಂಗೈ ಅಗಲದ ಕಣ್ಣುಗಳು. ಆ ತೂತಿನಲ್ಲಿ ಮೀನಲ್ಲ, ಮೀನಿನ ಅಜ್ಜ ಹೊರಗೆ ಹೋಗುತ್ತಿದ್ದ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಚಲೋ ಹೊಲದೀಯಲ್ಲೋ, ಯಾರು ಕಲಿಸಿದ್ರು ಎಂದು ಕೇಳಿದರು. ಅವನು ಖುಷಿಯಾಗಿ ಹೋದ. ಅವನು ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಕಾದು, ಕೆಂಪು ದಾರವನ್ನೆಲ್ಲ ಬಿಚ್ಚಿ ತಾವೇ ಮತ್ತೆ ಹೆಣೆದರು. ಅವನಿಗೆ ಗೊತ್ತಾಗಬಾರದೆಂದು ಮೇಲೆ ಒಂದು ಎಳೆ ಕೆಂಪು ದಾರವನ್ನು ಹಾಗೇ ಉಳಿಸಿದರು. ಯಾರ ಕೆಲಸವನ್ನೂ ಕಾಕಾ ಮಾಡಿದವರ ಎದುರಿಗೆ ಬಿಚ್ಚುತ್ತಿರಲಿಲ್ಲ. ಸಿಟ್ಟಿನಲ್ಲಿ ಬಯ್ಯುತ್ತಿದ್ದರು, ಬಿಚ್ಚುತ್ತಿರಲಿಲ್ಲ.

ಮೂರು ವರ್ಷದಲ್ಲಿ ಲಂಗರಿನ ಗಂಟನ್ನು ಮಾತ್ರ ನನಗೆ ಕಟ್ಟಲು ಕೊಟ್ಟಿರಲಿಲ್ಲ. ತಾವೇ ಕಟ್ಟಿ, ಅದರ ಮೇಲೆ ಹೆಬ್ಬೆರಳನ್ನು ಎರಡು ಸಲ ಆಡಿಸಿ, ‘ಆತು’ ಎಂದ ಮೇಲೆ ತೆಪ್ಪ ಹೊರಡುತ್ತಿತ್ತು. ನಾನು ಕಟ್ಟುತ್ತೇನೆ ಎಂದು ಕೇಳಿಯೇ ಇದ್ದೆ. ಚಿಕ್ಕವನಿದ್ದಾಗಿನಿಂದ ಹನ್ನೊಂದು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಕಟ್ಟಿದವನು ನಾನು. ಗಂಟಿನ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೇ ಇತ್ತು.

ಹೋದ ವರ್ಷದ ಆಷಾಢದಲ್ಲಿ ಒಂದು ಭಾನುವಾರ ಅವರ ಬಲಗೈ ಹೆಬ್ಬೆರಳು ಬಾತಿತ್ತು. ಹಿಂದಿನ ದಿನ ಮೀನಿನ ಮುಳ್ಳು ಚುಚ್ಚಿತ್ತು. ಹಗ್ಗ ಹಿಡಿದರೆ ನೋವು. ‘ಕಟ್ಟಪಾ ಬ್ಯಾಡಗಿ, ಇವತ್ತ ನಿನ್ನ ಪಾಳಿ’ ಎಂದರು.

ಆ ಕ್ಷಣ ನನ್ನ ಕೈ ಏನು ಮಾಡಿತು ಎಂದು ಈಗ ಚೆನ್ನಾಗಿ ನೆನಪಿದೆ. ಮೂರು ವರ್ಷ ಅವರ ಗಂಟನ್ನು ಕಣ್ಣಿಂದ ನೋಡಿದ್ದೆ. ಹನ್ನೊಂದು ವರ್ಷದ ಗಂಟು ಕೈಯಲ್ಲಿತ್ತು. ಕೈ ತನಗೆ ಗೊತ್ತಿದ್ದನ್ನು ಕಟ್ಟಿತು: ಎರಡು ಸುತ್ತು, ಒಳಗಿನಿಂದ ತೂರಿಸಿ, ಕಾಲು ಕೊಟ್ಟು ಬಿಗಿ. ಚೀಲದ ಗಂಟು. ಲಾರಿಯಲ್ಲಿ ಎಷ್ಟು ಕುಲುಕಿದರೂ ಅದು ಸಡಿಲವಾಗುವುದಿಲ್ಲ. ಬಿಚ್ಚುವ ಕೆಲಸವೇ ಇಲ್ಲ, ಕೊಯ್ದೇ ತೆಗೆಯುತ್ತಾರೆ. ಕಟ್ಟುವಾಗ ನನಗೆ ಅನ್ನಿಸಿದ್ದು, ಅವರ ಗಂಟಿಗಿಂತ ಇದು ಗಟ್ಟಿ ಎಂದು. ಆಮೇಲೆ ಅವರ ಮುಖ ನೋಡಿ ನಕ್ಕೆ. ಅವರು ‘ಆತು’ ಎಂದರು. ಹೊರಟೆವು.

ಅವರು ಅದರ ಮೇಲೆ ಕೈಯಾಡಿಸಿದರೋ ಇಲ್ಲವೋ ಎಂದು ಮಾತ್ರ ನಾನು ನೋಡಲಿಲ್ಲ. ಬೆನ್ನಿನ ಕ್ಯಾನು ಸರಿ ಮಾಡಿಕೊಳ್ಳುತ್ತಿದ್ದೆ.

ಮೇಲಿನ ಕಡೆ ಮಳೆಯಾಗಿತ್ತು. ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಆದರೆ ಇನ್ನೂ ಏರಿರಲಿಲ್ಲ. ದಂಡೆಯಿಂದ ಬಹಳ ದೂರವೇನೂ ಹೋಗಿರಲಿಲ್ಲ. ಲಂಗರು ಇಳಿಸಿ ಕೂತೆವು. ಸ್ವಲ್ಪ ಹೊತ್ತಿಗೆಲ್ಲ ಕಾಕಾ ಎರಡು ಸಲ ಹಿಂದೆ ತಿರುಗಿ ಮೂತಿಯ ಕಡೆ ನೋಡಿದರು. ಮೂರನೆಯ ಸಲ ಸೀಟಿನಿಂದ ಏಳಲು ಕೈಯೂರಿದರು. ಆಗಲೇ ಬಾಳೆಮೀನು ಬಿತ್ತು. ಮೂರು ವರ್ಷದಲ್ಲಿ ಅಂಥದ್ದು ನೋಡಿರಲಿಲ್ಲ. ನೂಲು ಅವರ ಬೆರಳಿನ ಬಟ್ಟೆಯನ್ನು ಸುಟ್ಟುಕೊಂಡು ಓಡಿತು. ‘ಬಿಡು’ ಎಂದರು.

ನಾನು ಬಾಲ ಹಿಡಿದು ಜಗ್ಗಿದೆ. ಗಂಟು ಇನ್ನಷ್ಟು ಬಿಗಿಯಾಯಿತು.

‘ಬಿಡಪಾ.’

ಬರವಲ್ದು ಕಾಕಾ ಎಂದೆ. ಅಷ್ಟರಲ್ಲಿ ಹೊಳೆಯಲ್ಲಿ ಹೊಸ ನೀರು ಬಂದಿತ್ತು. ಸದ್ದೇನೂ ಇಲ್ಲ, ಕಸ ಕಡ್ಡಿ ಮಾತ್ರ ಒಮ್ಮೆಲೇ ಜೋರಾಗಿ ಪಕ್ಕದಲ್ಲಿ ಹರಿಯತೊಡಗಿದವು. ಹಗ್ಗ ತಂತಿಯ ಹಾಗೆ ಬಿಗಿದು ಮೂತಿಯನ್ನು ಕೆಳಗೆ ಜಗ್ಗಿತು. ಮುಂದಿನ ಎರಡು ಡ್ರಮ್ಮು ನೀರೊಳಗೆ ಹೋದವು. ನನ್ನ ಉಗುರು ಕಿತ್ತು ಬಂದದ್ದು ನನಗೆ ತಿಳಿಯಲಿಲ್ಲ. ಕಾಕಾ ಕೈಯಲ್ಲಿದ್ದ ನೂಲನ್ನು ಹಾಗೇ ಬಿಟ್ಟರು. ಮೀನಿಗೆ ನೂಲು ಬಿಟ್ಟುಕೊಟ್ಟದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆ ಮೊಣಕಾಲಿನಲ್ಲಿ ಅಂಬೆಗಾಲಿಟ್ಟು ಮುಂದೆ ಬಂದು, ನನ್ನನ್ನು ಹಿಂದಕ್ಕೆ ತಳ್ಳಿ, ಎಡಗೈಯಲ್ಲಿ ಕುಡುಗೋಲು ಹಿಡಿದು ಹಗ್ಗವನ್ನು ಕೊಯ್ದರು. ನಾಲ್ಕು ಸಲ ಎಳೆದರು. ಹಗ್ಗ ಹರಿದದ್ದೇ ತೆಪ್ಪ ಗಿರ್ರನೆ ತಿರುಗಿತು. ನಾನು ನೀರಿಗೆ ಬಿದ್ದೆ. ಕ್ಯಾನುಗಳು ನನ್ನನ್ನು ಬೋರಲು ತೇಲಿಸಿದವು. ಕಾಕಾ ಹುಟ್ಟನ್ನು ಚಾಚಿ, ಹಿಡಿ ಎಂದರು. ಕೆಳಗೆ ಜಾಲಿಯ ಪೊದೆಗೆ ತೆಪ್ಪ ಹೋಗಿ ಸಿಕ್ಕಿಕೊಂಡಿತು. ಊರವರು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು.

ದಂಡೆಯ ಮೇಲೆ ಯಾರೋ ಮೊಬೈಲಿನಲ್ಲಿ ಇದನ್ನು ತೆಗೆದಿದ್ದರು. ನಾವು ಒದ್ದೆ ಬಟ್ಟೆ ಹಿಂಡುವುದರೊಳಗೆ ಅದು ಹಾವೇರಿಗೆ ಹೋಗಿ ಮಗಳಿಗೆ ಮುಟ್ಟಿತ್ತು. ಮೂತಿ ಮುಳುಗುವುದು, ಮುದುಕ ಅಂಬೆಗಾಲಿಡುವುದು, ಒಬ್ಬ ದಪ್ಪ ಮನುಷ್ಯ ಬೀಳುವುದು. ಊರಿನ ಹಿರಿಯರೊಬ್ಬರು ಬಿದಿರಿನಲ್ಲಿ ಉಳಿದಿದ್ದ ಗಂಟನ್ನು ಕೈಯಿಂದ ಎತ್ತಿ ನೋಡಿ, ಇದನ್ಯಾರು ಕಟ್ಟಿದ್ದು ಎಂದು ಕೇಳಿದರು. ನಾನು ನಡುಗುತ್ತ ನಿಂತಿದ್ದೆ. ಬಾಯಿ ತೆರೆದೆ.

‘ನಂದ’ ಎಂದರು ಕಾಕಾ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಾಯಿ ಮುಚ್ಚಿಕೊಂಡೆ. ಚಳಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಸಂಜೆ ಮಗಳು ಡ್ಯೂಟಿಯ ಖಾಕಿಯಲ್ಲೇ ಬಂದಳು. ಕೂಗಾಡಲಿಲ್ಲ. ಗಂಟು ಕಟ್ಟಾಕ ಮರತಾಂವ ನೀರಿನ ಮ್ಯಾಲೆ ಇರಬಾರದು ಅಂತ ನನಗ ಹೇಳಿದಾಂವ ನೀನ ಅಪ್ಪಾ, ನಡಿ ಎಂದಳು. ಅವರ ಬಟ್ಟೆಯ ಚೀಲ ಹಿಡಿದು ನಡೆದಳು. ಕಾಕಾ ಅವಳ ಹಿಂದೆ ಬಸ್ಸು ಹತ್ತಿದರು. ಹೊಳೆ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗದ ಮನುಷ್ಯ. ತೆಪ್ಪವನ್ನು ಊರವರು ದಂಡೆಗೆ ಎಳೆದು ಬೋರಲು ಹಾಕಿದರು.

ನಾನು ಹೇಳಬೇಕಿತ್ತು. ನಾನು ಒಂದು ಮಾತು ಹೇಳಿದರೆ ಅವರು ಮತ್ತೆ ಹೊಳೆಗೆ ಹೋಗಬಹುದಿತ್ತು. ಅದು ನನಗೆ ದಿನಾ ಗೊತ್ತಿತ್ತು. ಆದರೆ ಪ್ರತಿ ದಿನಕ್ಕೂ ಒಂದು ಕೆಲಸ ಇರುತ್ತಿತ್ತು. ಗೋದಾಮಿಗೆ ಬಿತ್ತನೆ ಬೀಜದ ಲಾರಿ. ಮನೆಯ ಮೇಲ್ಛಾವಣಿಯ ಸೋರಿಕೆ. ಅತ್ತೆಯ ಕಣ್ಣಿನ ಆಪರೇಶನ್. ಹಾವೇರಿ ಅಷ್ಟೇನೂ ದೂರವಲ್ಲ. ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಬರುತ್ತದೆ. ಎರಡು ಸಲ ಹೋಗಿಯೂ ಇದ್ದೆ. ಅವರು ಮಗಳ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹೆಗ್ಗೇರಿ ಕೆರೆಗೆ ಹೋಗಿದ್ದಿರೇನು ಎಂದು ಕೇಳಿದ್ದಕ್ಕೆ, ‘ನಿಂತ ನೀರು. ಅಲ್ಲಿ ಮಲಕ್ಕೊಂಡು ಮೀನು ಹಿಡೀಬಹುದು’ ಎಂದರು. ಚಹಾ ಕುಡಿದೆ, ಬೀಜದ ರೇಟು ಮಾತಾಡಿದೆ, ಹಿಂದಿರುಗಿದೆ. ಅವರು ಮೊದಲಿಗಿಂತ ದಪ್ಪಗಾಗಿದ್ದರು, ಬಣ್ಣ ಬಿಳಿಚಿಕೊಂಡಿತ್ತು. ಮಗಳು ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಅದರಲ್ಲಿ ತಪ್ಪು ಹುಡುಕಲು ಬರುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಮೂರನೆಯ ಸಲ ಹೋದಾಗ ಹೇಳಿದೆ. ಬಸ್ಸಿನಲ್ಲಿ ಕುಳಿತು ಹೇಗೆ ಹೇಳಬೇಕೆಂದು ಪಾಠ ಮಾಡಿಕೊಂಡಿದ್ದೆ, ಅದೇನೂ ಬರಲಿಲ್ಲ. ಗಂಟು ನಾ ಕಟ್ಟಿದ್ದು, ಚೀಲದ ಗಂಟು, ಕಾಕಾಂದಲ್ಲ ಎಂದೆ. ಅಷ್ಟೇ.

ಮಗಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ‘ನಾಕು ತಿಂಗಳ ಆತಲ್ರಿ ಅಣ್ಣಾರ’ ಎಂದಳು. ಬಯ್ದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ತಂದೆಯ ಕಡೆ ತಿರುಗಿ, ತಪ್ಪು ನಿನ್ನದಲ್ಲಾಂದ್ರ ನಾ ತಡಿಯಂಗಿಲ್ಲ, ನೀರು ಇಳದಾವು, ಹೋಗು ಎಂದಳು. ಅವಳು ಹಾಗೆಯೇ. ತಪ್ಪಾದರೆ ತಪ್ಪು, ಸರಿಯಾದರೆ ಸರಿ.

ನಾನು ಕಾಕಾ ಅವರ ಮುಖವನ್ನೇ ನೋಡುತ್ತಿದ್ದೆ, ಈಗ ಏಳುತ್ತಾರೆ ಎಂದು. ಕಡೆಗೆ ಹೇಳಿದರು:

‘ಗಂಟು ಯಾರರ ಕಟ್ಟಲಿ. ಬಿಡೂಕಿಂತ ಮದ್ಲ ಅದರ ಮ್ಯಾಲೆ ನನ್ನ ಕೈ ಆಡಬೇಕು. ಆವತ್ತ ನಾ ಕೈ ಆಡಸಾಕ ಮರತೆ. ಮರಿಯಾಕ ಹತ್ತಿದ ಮ್ಯಾಲೆ ಮುಗೀತು. ನಾಳೆ ಬ್ಯಾರೆ ಏನರ ಮರೀತೀನಿ.’

ಏನು ಹೇಳಿದರೂ ಕೇಳಲಿಲ್ಲ. ಮಗಳು ಹೇಳಿದಳು, ನಾನೂ ಹೇಳಿದೆ. ‘ಮರತೇನಿ ಅಂದ್ನೆಲ್ಲೋ’ ಎಂದು ಮುಖ ಆ ಕಡೆ ಮಾಡಿದರು. ನಾನು ಹೊರಟಾಗ ಮಾತ್ರ ಬಾಗಿಲವರೆಗೆ ಬಂದು, ಉಗುರು ಬಂತೇನು ಎಂದು ನನ್ನ ಕೈ ಹಿಡಿದು ನೋಡಿದರು. ಬಂದಿತ್ತು. ಮನೆಗೆ ಬಂದು ನಾನು ಹೆಂಡತಿಗೆ, ಮರೆವು ಶುರುವಾಗಿದೆಯಂತೆ, ನಾನು ಬೇಗ ಹೇಳಿದ್ದರೂ ಅಷ್ಟೇ ಆಗುತ್ತಿತ್ತು ಎಂದೆ. ಆ ಮಾತನ್ನು ಹಿಡಿದುಕೊಂಡು ಇಷ್ಟು ದಿನ ಕಳೆದೆ. ಅವರು ಹೊಳೆಗೆ ಮತ್ತೆ ಹೋಗಲಿಲ್ಲ. ಇಪ್ಪತ್ತೆರಡು ದಿನದ ಹಿಂದೆ ಹಾವೇರಿಯಲ್ಲಿ, ಬೆಳಗಿನ ಚಹಾ ಕುಡಿದು ಲೋಟ ತೊಳೆದಿಟ್ಟು ಒರಗಿದವರು ಏಳಲಿಲ್ಲ.

ನಿನ್ನೆ ಐರಣಿಯಲ್ಲಿ ನಾನೂ ಮಗಳೂ ಇಬ್ಬರೇ ಕೆಲಸಕ್ಕೆ ನಿಂತೆವು. ಅವಳು ರಜೆ ಹಾಕಿದ್ದಳು. ಬಿದಿರು ಬಿಸಿಲಿಗೆ ಸೀಳು ಬಿಟ್ಟಿತ್ತು. ಸೀಟಿನ ರೆಕ್ಸಿನ್ನನ್ನು ಇಲಿ ತಿಂದಿತ್ತು. ಡ್ರಮ್ಮುಗಳು ಮಾತ್ರ ಗಟ್ಟಿ. ತೆಪ್ಪ ಒಯ್ತೀರೇನು, ಜೋಡಿಸಿ ಕೊಡ್ತೀನಿ ಎಂದು ಬಂದೊಡನೆ ಕೇಳಿದ್ದಳು. ಬೇಡ ಎಂದೆ. ನನಗೆ ಐವತ್ತನಾಲ್ಕು ಮುಗಿಯಿತು, ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುತ್ತದೆ. ಮತ್ತೆ, ಯಾವ ಮುಖದಿಂದ ಒಯ್ಯಲಿ? ಡ್ರಮ್ಮುಗಳನ್ನು ನೀರು ತುಂಬಿಡಲು ಬೇಕಾದವರು ಒಯ್ದರು. ಕೆಂಪು ದಾರದ ಪಕ್ಕದ ಮನೆಯವನಿಗೂ ಒಂದು ಹೋಯಿತು.

ಐದು ಡ್ರಮ್ಮು ಬಿಚ್ಚಿದ ಮೇಲೆ ಬೇವಿನ ನೆರಳಲ್ಲಿ ಕೂತೆವು. ಅವಳು ಬಾಟಲಿಯ ನೀರು ಕುಡಿದು ನನಗೆ ಕೊಟ್ಟಳು. ಹೊಳೆ ಇನ್ನೂ ತಿಳಿಯಾಗಿಯೇ ಇತ್ತು.

‘ಅಪ್ಪ ಮರತಿದ್ದಿಲ್ರಿ ಅಣ್ಣಾರ’ ಎಂದಳು.

ಏನು ಎಂದೆ.

‘ಗಂಟು. ನೋಡಿದ್ದನಂತ. ಹೋಗೂಕಿಂತ ಎಂಟು ದಿನ ಮದ್ಲ ಹೇಳಿದ. ನೀವು ಕಟ್ಟಿದ ಕೂಡಲೆ ಕೈ ಇಟ್ಟು ನೋಡಿದನಂತ, ಇದು ಬಿಚ್ಚೂ ಗಂಟಲ್ಲ ಅಂತ ಆಗಿಂದಾಗ ತಿಳೀತಂತ.’

ಮತ್ತೆ ಯಾಕೆ ಸುಮ್ಮನಿದ್ದರು ಎಂದು ಕೇಳಿದೆ.

‘ಮೂರು ವರ್ಷಕ್ಕ ಒಂದು ಗಂಟು ಕಟ್ಟ್ಯಾನ, ಕಟ್ಟಿ ನಗಾಕತ್ತಾನ, ಎದುರಿಗೆ ಬಿಚ್ಚಿದ್ರ ಮಾರಿ ಸಣ್ಣ ಮಾಡತಾನ ಅಂತ. ನೀವು ಆ ಕಡೆ ಹೊಳ್ಳಿದಾಗ ಬಿಚ್ಚಿ ಬ್ಯಾರೆ ಕಟ್ಟಬೇಕಂತ ಕಾಯಾಕತ್ತಿದ್ದನಂತ. ಅಷ್ಟ್ರಾಗ ಮೀನು ಬಿತ್ತು.’

ಎರಡು ಸಲ ತಿರುಗಿ ನೋಡಿದ್ದು, ಮೂರನೆಯ ಸಲ ಕೈಯೂರಿದ್ದು. ನಾನು ಹೊರಳಲಿಲ್ಲ. ಆ ದಿನ ನಾನು ನನ್ನ ಗಂಟಿನ ಹತ್ತಿರವೇ ಕೂತಿದ್ದೆ, ಅದನ್ನೇ ನೋಡುತ್ತ.

ಹಾಗಾದರೆ ‘ಮರತೆ’ ಎಂದು ನನ್ನ ಎದುರಿಗೆ ಯಾಕೆ ಹೇಳಿದರು ಎಂದು ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ. ಆದರೂ ಅವಳೇ ಹೇಳಿದಳು: ‘ನೀರಿನ ಮ್ಯಾಲೆ ಮಂದಿ ಮನಸ್ಸು ನೋಡಿದೆ, ಇಬ್ಬರ ಜೀವ ಹೋಗೂದಿತ್ತು, ಇನ್ನ ನಾ ಹೊಳಿಗೆ ಇಳಿಯಂಗಿಲ್ಲ ಅಂದ. ಬ್ಯಾಡಗಿಗೆ ಹೇಳಬ್ಯಾಡ ಅಂತನೂ ಅಂದ. ನಾ ಹೇಳಿಬಿಟ್ಟೆ. ಅಪ್ಪನ ಗುಣ ನನಗ ಬಂದಿಲ್ಲ. ಅಂವನ್ನ ಮರಿಗುಳಿ ಅಂತ ತಿಳದ ನಾ ಕರಕೊಂಡು ಹೋಗಿದ್ದೆ, ಒಬ್ಬಾಕಿನ ಹೊತ್ತು ತಿರುಗಾಕ ನನಗ ಆಗವಲ್ತು.’

ಚಲೋ ಮಾಡಿದಿ ತಂಗಿ ಎಂದೆ. ನಿಜವಾಗಿಯೂ ಹಾಗೆ ಅನ್ನಿಸಿತೋ, ಅದೂ ಬಾಯಿಮಾತೋ ಗೊತ್ತಿಲ್ಲ. ಎದ್ದು ಆರನೆಯ ಡ್ರಮ್ಮು ಬಿಚ್ಚಿದೆವು. ಬಿದಿರನ್ನು ಯಾರೋ ಒಲೆಗೆ ಒಯ್ದರು. ನಾಲ್ಕರ ಬಸ್ಸಿಗೆ ಅವಳು ನನ್ನ ಜೊತೆ ರಾಣೆಬೆನ್ನೂರಿನವರೆಗೆ ಬಂದಳು. ಟಿಕೀಟು ಅವಳೇ ತೆಗೆಸಿದಳು.

ಮನೆಗೆ ಬಂದು ಸ್ನಾನ ಮಾಡಿದೆ. ಕೈಯ ಗುಳ್ಳೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ, ಊಟ ಮಾಡ್ರಿ, ಆರತೈತಿ ಎಂದಳು.

ಪಲ್ಯಕ್ಕೆ ಉಪ್ಪು ಇರಲಿಲ್ಲ. ಅರ್ಧ ರೊಟ್ಟಿ ಹಾಗೇ ತಿಂದೆ. ಆಮೇಲೆ, ಪಲ್ಯಕ್ಕ ಉಪ್ಪು ಹಾಕಿಲ್ಲ ನೋಡು ಎಂದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಇಂಥ ಮಾತು ನಾನು ಆಡಿದ್ದು ಇದೇ ಮೊದಲು. ಅವಳು ಒಂದು ತುತ್ತು ಬಾಯಿಗಿಟ್ಟು ನೋಡಿ, ಖರೇನ, ಮದ್ಲ ಹೇಳಬಾರದ ಎಂದು ಎದ್ದು ಉಪ್ಪಿನ ಡಬ್ಬಿ ತಂದಳು. ಮುಖವೇನೂ ಸಣ್ಣದಾಗಲಿಲ್ಲ. ಮತ್ತೊಂದು ರೊಟ್ಟಿ ಹಾಕಿಸಿಕೊಂಡೆ.

ನಿದ್ದೆ ಬರಲಿಕ್ಕಿಲ್ಲ ಎಂದುಕೊಂಡೇ ಹಾಸಿಗೆಗೆ ಹೋದೆ. ಅವಳಿನ್ನೂ ಪಾತ್ರೆ ತೊಳೆಯುತ್ತಿದ್ದಳು. ಅವಳು ಬರುವುದರೊಳಗೆ ನನಗೆ ನಿದ್ದೆ ಹತ್ತಿತ್ತಂತೆ. ಬೆಳಿಗ್ಗೆ ಅವಳು ಹೇಳಿದಳು.